ಅಕ್ಕೋರ ಕಿಟಕಿ

ಮೇ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಎಂಟೂವರೆ. ಸ್ಥಳ: ಶೆಟಗೇರಿಯ ನಮ್ಮ ಮನೆಯ ಜಗಲಿ. ಹಾಜರಿದ್ದವರು: ನಾನು, ನನ್ನ ಹೆಂಡತಿ ಮತ್ತು ಒಂದು ಬುಟ್ಟಿ ಕರಿ ಈಶಾಡ ಮಾವಿನಹಣ್ಣು.

ಹೀಗೆ ಶುರುಮಾಡದಿದ್ದರೆ ನನಗೆ ಕೈ ಓಡುವುದಿಲ್ಲ. ಕಾರವಾರದಲ್ಲಿ ಕೋರ್ಟಿನ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡು, ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ವೇಳೆ ಮತ್ತು ಹಾಜರಿ ಬರೆಯದ ಸಂಗತಿ ನಡೆದೇ ಇಲ್ಲ ಎಂದು ನಂಬಿ ಬದುಕಿದ್ದೇನೆ. ಆದ್ದರಿಂದ ಬುಟ್ಟಿಯನ್ನೂ ಹಾಜರಿಗೆ ಸೇರಿಸಿದೆ. ಅದರ ವಾಸನೆ ಆಗಲೇ ಅಡುಗೆಮನೆಯವರೆಗೆ ಹೋಗಿ ಕುಳಿತಿತ್ತು.

ಬುಟ್ಟಿ ತಂದ ರಿಕ್ಷಾದವನು ಗೇಟಿನಿಂದಲೇ ಕೂಗಿದ್ದ: "ಅಕ್ಕೋರು ಇದ್ರ್ಯಾ?"

"ನಾನಿದ್ದೇನೆ" ಎಂದೆ.

ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಅಡ್ಡಿಲ್ಲ, ನೀವಾದ್ರೂ ಅಡ್ಡಿಲ್ಲ. ಅಕ್ಕೋರಿಗೆ ಕೊಟ್ಬಿಡಿ. ದೇವಕಿ ಮತ್ತೆ ಅದ್ರ ಕೂಸು ಮಧ್ಯಾಹ್ನದ ಮೇಲೆ ಬರ್ತ್ರಂತೆ" ಎಂದು ಹೇಳಿ ಹೊರಟುಹೋದ.

"ನೀವಾದ್ರೂ ಅಡ್ಡಿಲ್ಲ." ಓದುಗರೇ, ಒಂದು ಕಾಲದಲ್ಲಿ ನಾನು ಎದುರು ಬಂದರೆ ವಕೀಲರು ಬೀಡಿ ಹಿಂದೆ ಮಾಡಿಕೊಳ್ಳುತ್ತಿದ್ದರು.

ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಅಕ್ಕೋರು ಎನ್ನುವುದು ರೂಢಿ. ನನ್ನ ಹೆಂಡತಿ ಅಂಕೋಲೆಯ ಕಡಲ ಬದಿಯ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಆದರೆ ಈಗ ಊರವರು ಆಕೆಯನ್ನು ಹುಡುಕಿಕೊಂಡು ಬರುವುದು ಮಗ್ಗಿ ಕಲಿಯಲಿಕ್ಕಲ್ಲ. ಆಕೆ ಸರ್ಕಾರದ ಉಚಿತ ಕಾನೂನು ನೆರವಿನ ಸ್ವಯಂಸೇವಕಿ. ಗಂಡನಿಂದ ಹೊಡೆತ ತಿಂದವಳು, ಪಿಂಚಣಿ ನಿಂತ ಮುದುಕ, ಹೊಲ ಕಳೆದುಕೊಂಡ ವಿಧವೆ, ಎಲ್ಲರೂ ಮೊದಲು ಬರುವುದು ನಮ್ಮ ಮನೆಗೆ. ಆಕೆ ಕೇಳಿಸಿಕೊಳ್ಳುತ್ತಾಳೆ, ಯಾವ ಕಚೇರಿ ಎಂದು ಹೇಳುತ್ತಾಳೆ, ಜೊತೆಗೂ ಹೋಗುತ್ತಾಳೆ. ಸರ್ಕಾರ ವಕೀಲರನ್ನು ಕೊಡುತ್ತದೆ. ಮನೆಯಲ್ಲಿ ಕಲಂಗಳನ್ನು ಬಾಯಿಪಾಠ ಹೇಳಬಲ್ಲ ಒಬ್ಬ ಗಂಡಸು ಜಗಲಿಯ ಕುರ್ಚಿಯಲ್ಲಿ ಕುಳಿತಿರುತ್ತಾನೆ. ಅವನನ್ನು ದಾಟಿ ಒಳಗೆ ಹೋಗುತ್ತಾರೆ.

ಬುಟ್ಟಿ ನೋಡಿ ನಾನು, "ಸ್ವಯಂಸೇವಕರು ಕಕ್ಷಿದಾರರಿಂದ ಏನನ್ನೂ ತೆಗೆದುಕೊಳ್ಳುವ ಹಾಗಿಲ್ಲ" ಎಂದೆ.

"ಇದು ಕೇಸಿನ ಹಣ್ಣಲ್ಲ. ಕೇಸು ಮುಗ್ದು ಎಷ್ಟು ಕಾಲ ಆಯ್ತು! ನನ್ನ ಶಾಲೆ ಕೂಸು ಕಳ್ಸಿದ ಹಣ್ಣು" ಎಂದಳು ಹೆಂಡತಿ. "ನಿಮಗೆ ಬೇಡದಿದ್ರೆ ತಿನ್ನಬೇಡಿ. ಹುಲ್ಲಿನ ಮೇಲೆ ಹರಗಿ ಇಡಿ, ಒಂದಕ್ಕೊಂದು ತಾಗಬಾರ್ದು."

ಹರಗುತ್ತಾ ಕುಳಿತೆ. ಆ ವಾಸನೆಗೆ ಹಳೆಯ ಹೊಟ್ಟೆಕಿಚ್ಚೂ ಹದವಾಗಿ ಹಣ್ಣಾಗತೊಡಗಿತು.

ಜೊತೆಯವರಿಗೆ ಬಡ್ತಿ ಸಿಕ್ಕಾಗ ನಾನು ಕರುಬಿದವನಲ್ಲ. ಸರದಿ ಬಂದರೆ ನನಗೂ ಸಿಗುತ್ತದೆ ಎಂದು ಗೊತ್ತಿತ್ತು. ಆದರೆ ಹೆಂಡತಿಯ ಮೇಲಿನ ಹೊಟ್ಟೆಕಿಚ್ಚಿಗೆ ಸರದಿ ಇಲ್ಲ, ಮೇಲ್ಮನವಿಯೂ ಇಲ್ಲ. ಅದು ಹುಟ್ಟಿದ್ದು ಪಂಚಾಯಿತಿಯ ಸಭಾಭವನದಲ್ಲಿ, ಕೆಲವು ವರ್ಷಗಳ ಹಿಂದೆ. ಅಲ್ಲಿ ಕಾನೂನು ಅರಿವಿನ ಶಿಬಿರ ನಡೆದು, ಸ್ವಯಂಸೇವಕರು ಬೇಕೆಂದು ಹೇಳಿದರು. ನಾನು ಅರ್ಜಿ ಹಾಕಿದೆ. ಜೊತೆಗೆ ಬಂದವಳು ಸುಮ್ಮನೆ ಕೂರುವುದೇಕೆಂದು ನಾನೇ ಒತ್ತಾಯಿಸಿ ಅವಳಿಂದಲೂ ಹಾಕಿಸಿದೆ. ಆಯ್ಕೆಗೆ ಬಂದಿದ್ದ ನ್ಯಾಯಾಧೀಶೆ ನನ್ನ ಮಗಳ ಪ್ರಾಯದವರು. ಎಲ್ಲರಿಗೂ ಒಂದೇ ಪ್ರಶ್ನೆ: ಹೊಡೆತ ತಿಂದ ಹೆಂಗಸೊಬ್ಬಳು ಸಂಜೆ ನಿಮ್ಮ ಮನೆಗೆ ಬಂದರೆ ಮೊದಲು ಏನು ಕೇಳುತ್ತೀರಿ?

ನಾನು ಎದ್ದು ನಿಂತು, ಘಟನೆಯ ದಿನ, ಸ್ಥಳ, ಸಾಕ್ಷಿದಾರರು, ಅನ್ವಯವಾಗುವ ಕಲಂ, ಹೀಗೆ ಕ್ರಮವಾಗಿ ಹೇಳಿದೆ. ಹೆಂಡತಿ ಸೆರಗು ಸರಿಮಾಡಿಕೊಂಡು, "ತವರು ಯಾವ್ದು ಅಂತ ಕೇಳ್ತೆ" ಎಂದಳು.

"ಯಾಕೆ?" ಎಂದರು ನ್ಯಾಯಾಧೀಶೆ.

"ಇವತ್ತು ಎಲ್ಲಿ ಮಲಗ್ತದೆ ಅಂತ ಗೊತ್ತಾಗ್ಬೇಕಲ್ರಾ."

ಅವಳ ಹೆಸರು ಬಂತು. ನನ್ನದು ಬರಲಿಲ್ಲ. ನನ್ನಂಥ ಅನುಭವಿಗಳ ಸಲಹೆ ಸದಾ ಬೇಕು ಎಂದು ನ್ಯಾಯಾಧೀಶೆ ನಮ್ರವಾಗಿ ಹೇಳಿದರು. ಆ ಸಲಹೆಯನ್ನು ಇಲ್ಲಿಯವರೆಗೆ ಯಾರೂ ಕೇಳಿಲ್ಲ.

ಮುಂದಿನ ಸೋಮವಾರ ಜಗಲಿಯ ಪಕ್ಕದ ನನ್ನ ಪೇಪರು ಓದುವ ಕೋಣೆ ಹೋಯಿತು. ಬಂದವರು ಹೇಳಿದ್ದು ಮೂರನೆಯವರ ಕಿವಿಗೆ ಬೀಳಬಾರದಂತೆ, ಅದು ನಿಯಮವಂತೆ. ನಿಯಮ ಎಂದ ಮೇಲೆ ನಾನು ಏನು ಹೇಳಲಿ? ಬಾಗಿಲು ಮುಚ್ಚಿತು. ಆದರೆ ಸೆಕೆಗೆ ಕಿಟಕಿ ತೆರೆದೇ ಇರುತ್ತಿತ್ತು. ಕಿಟಕಿಯ ಹೊರಗೆ ನನ್ನ ದಾಸವಾಳದ ಗಿಡವಿತ್ತು. ಬೆಳಿಗ್ಗೆ ಮಾತ್ರ ನೀರು ಕುಡಿಯುತ್ತಿದ್ದ ಆ ಗಿಡಕ್ಕೆ, ಯಾರಾದರೂ ಬಂದಾಗಲೆಲ್ಲ ನೀರು ಹಾಕತೊಡಗಿದೆ. ಒಳಗಿನ ಮಾತು ಪಿಸುಮಾತು. ಸಮುದ್ರದ ಗಾಳಿಗೆ ಒಂದು ಅಕ್ಷರವೂ ಕೇಳಿಸುತ್ತಿರಲಿಲ್ಲ. ಆ ವರ್ಷ ದಾಸವಾಳದ ಬೇರು ಕೊಳೆತುಹೋಯಿತು.

ಗಿಡ ಇನ್ನೂ ಹಸಿರಾಗಿದ್ದಾಗಲೇ ದೇವಕಿ ಬಂದಳು.

ಅವಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತಿಲ್ಲ. ಮೀನುಗಾರರ ಮನೆಯ ಹುಡುಗಿ, ಚಿಕ್ಕಂದಿನಲ್ಲಿ ನನ್ನ ಹೆಂಡತಿಯ ತರಗತಿಯಲ್ಲಿ ಎರಡು ವರ್ಷ ಕುಳಿತಿದ್ದಳು. ಕಾರವಾರದ ಕಡಲ ದಂಡೆಯ ಮನೆಗೆ ಮದುವೆಯಾಗಿ ಹೋದಳು. ಗಂಡ ಕಾಯಿಲೆಯಿಂದ ತೀರಿಕೊಂಡ. ತಿಥಿ ಮುಗಿದ ಮೇಲೆ ಅತ್ತೆ ಇವಳನ್ನು ತವರಿಗೆ ಕಳಿಸಿ, ಪುಟ್ಟ ಮಗಳು ಸಾನ್ವಿಯನ್ನು ಇಟ್ಟುಕೊಂಡಳು. ಮಾತು ಬಾರದವಳ ಹತ್ತಿರ ಮಗು ಬೆಳೆಯುವುದು ಹೇಗೆ ಎನ್ನುವುದು ಆಕೆಯ ವಾದ. ಊರಲ್ಲಿ ಅನೇಕರಿಗೆ ಅದು ಸರಿಯಾಗಿಯೇ ಕಂಡಿತ್ತು. ಮಗಳನ್ನು ನೋಡಲು ಹೋದರೆ ಬಾಗಿಲಲ್ಲೇ ತಡೆಯುತ್ತಿದ್ದರು. ಮಗು ಬೇಕು. ದೇವಕಿ ಕೇಳಿದ್ದು ಅಷ್ಟೇ.

ಈ ಕಕ್ಷಿದಾರಳ ಗುಟ್ಟು ಮಾತ್ರ ನನ್ನ ಕಿಟಕಿಗೆ ದಕ್ಕಿತು. ಅವಳದು ಕೈಯ ಮಾತು, ಗಾಳಿ ಅದನ್ನು ಹಾರಿಸಿಕೊಂಡು ಹೋಗಲಾರದು. ದಿನಗಟ್ಟಲೆ ನೀರು ಹಾಕುತ್ತಾ ನಾನು ಅವಳ ಭಾಷೆ ಕಲಿತೆ. ಕಿವಿ ಹಿಂಡಿದರೆ ಅಕ್ಕೋರು. ಬೆನ್ನ ಹಿಂದೆ ಜಡೆ ಇಳಿಬಿಟ್ಟರೆ ಸಾನ್ವಿ. ಮೂಗಿನ ಹೊಳ್ಳೆಯ ಬಳಿ ಬೆರಳಿಟ್ಟು ತಿರುಪು ತಿರುಗಿಸಿದಂತೆ ಮಾಡಿದರೆ, ಮೂಗುತಿಯವಳು, ಅಂದರೆ ತಾನು. ದೇವಕಿ ಎಂಬ ಹೆಸರು ಅವಳಿಗೆ ಕಾಗದದ ಮೇಲಿನದು. ಊರವರು ಕರೆಯುತ್ತಿದ್ದದ್ದು ಮೂಕಿ ಎಂದು. ಮೂಗುತಿ ಮಾತ್ರ ಅವಳೇ ಇಟ್ಟುಕೊಂಡ ಹೆಸರು.

ಒಂದು ದಿನ ಅವಳು ಎಡಗೈ ಮಣಿಕಟ್ಟಿಗೆ ದಾರ ಸುತ್ತಿದಂತೆ ಮಾಡಿ, ಜಡೆ ತೋರಿಸಿ, ಮತ್ತೆ ಸುತ್ತಿ ಗಂಟು ಹಾಕಿದಳು. ಅಂದರೆ ಅತ್ತೆಯ ಮನೆಯಲ್ಲಿ ಮಗುವನ್ನು ಕಟ್ಟಿಹಾಕುತ್ತಾರೆ! ಊಟಕ್ಕೆ ಕುಳಿತಾಗ ತಡೆಯಲಾರದೆ, "ಮಕ್ಕಳನ್ನು ಕಟ್ಟಿಹಾಕುವುದು ಅಪರಾಧ, ಗೊತ್ತಲ್ಲ?" ಎಂದೆ. ಹೆಂಡತಿ ಸಾರು ಬಡಿಸುತ್ತಿದ್ದ ಕೈ ನಿಲ್ಲಿಸಿ, "ಯಾರು ಕಟ್ಟಿಹಾಕ್ತ್ರು?" ಎಂದಳು. "ಸಾಮಾನ್ಯ ಮಾಹಿತಿ" ಎಂದು ಅನ್ನ ಕಲಸಿದೆ.

ಕಾರವಾರದಲ್ಲಿ ದೇವಕಿಯ ಹೇಳಿಕೆ ಇದ್ದ ದಿನ ನನ್ನನ್ನೂ ಕರೆದುಕೊಂಡು ಹೋದರು, ಚೀಲ ಹಿಡಿಯಲಿಕ್ಕೆ. ನನ್ನ ಕೋರ್ಟು! ಅಲ್ಲಿ ಈಗ ಮಕ್ಕಳಿಗೆ, ಮಾತು ಬಾರದವರಿಗೆ, ಹೆದರಿದ ಹೆಂಗಸರಿಗೆ ಸಾಕ್ಷಿ ಹೇಳಲು ಬೇರೆಯೇ ಕೋಣೆ. ಎದುರು ಪಕ್ಷದವರ ಮುಖ ಕಾಣದಂತೆ ನಡುವೆ ಪರದೆ. ನಮ್ಮ ಕಾಲದಲ್ಲಿ ಸಾಕ್ಷಿಯ ಕಟಕಟೆಗೂ ಎದುರು ಪಕ್ಷದವರ ಕಣ್ಣಿಗೂ ನಡುವೆ ಏನೂ ಇರುತ್ತಿರಲಿಲ್ಲ. ಎಷ್ಟೋ ಹೆಂಗಸರ ಮಾತು ಆ ಕಣ್ಣು ನೋಡಿಯೇ ಒಳಗೆ ಹೋಗುತ್ತಿತ್ತು. ಇಂಥ ಒಳ್ಳೆಯದೆಲ್ಲ ನಾನು ನಿವೃತ್ತನಾದ ಮೇಲೆಯೇ ಬರಬೇಕಿತ್ತೇ? ಹೆಂಡತಿ ಆ ಕೋಣೆಯೊಳಗೆ ಸಲೀಸಾಗಿ ಹೋದಳು. ಸರ್ಕಾರ ಕರೆಸಿದ್ದ ಸನ್ನೆ ಭಾಷೆಯ ಹುಡುಗಿಗೆ ದೇವಕಿಯ ಕೈಗಳನ್ನು ವಿವರಿಸಬೇಕಿತ್ತು. ಆ ಹುಡುಗಿ ಕಲಿತದ್ದು ಶಾಲೆಯ ಸನ್ನೆ, ದೇವಕಿಯದು ಕಡಲ ದಂಡೆಯದು. ಅಕ್ಕೋರು ಪ್ರಮಾಣ ಮಾಡಿ ಪಕ್ಕದಲ್ಲಿ ಕೂರಬಹುದೆಂದು ಒಪ್ಪಿಗೆ ಸಿಕ್ಕಿತ್ತು. ನಾನು ಹೊರಗಿನ ಬೆಂಚಿನಲ್ಲಿ, ಚೀಲ ತೊಡೆಯ ಮೇಲೆ.

ದೇವಕಿ ಅಂಗಳದ ಮರದ ಕೆಳಗೆ ನಿಂತಿದ್ದಳು. ಅತ್ತೆ ಸಾನ್ವಿಯನ್ನು ಕರೆತಂದಿದ್ದಳು. ಎದುರಿನ ಕಟ್ಟೆಯ ಮೇಲೆ ಮಗು ಅಜ್ಜಿಯ ಸೆರಗು ಹಿಡಿದು ಕುಳಿತಿತ್ತು. ದೇವಕಿಯ ಕಣ್ಣು ಅಲ್ಲಿಯೇ ನಾಟಿತ್ತು.

ಆಗ ಕೂಗು ಬಂತು. "ದೇವಕೀ ಕೋಂ..." ಎಂದು ಜವಾನ ಗಂಡನ ಹೆಸರು ಸೇರಿಸಿ ಕೂಗಿದ. ಒಳ್ಳೆಯ ಗಂಟಲು. ನಾನು ಮೆಚ್ಚುತ್ತಾ ಕುಳಿತೆ. ಎರಡನೆಯ ಕೂಗೂ ಹೋಯಿತು. ಮೂರು ಕೂಗಿಗೆ ಓಗೊಡದವರು ಗೈರುಹಾಜರು, ಇದು ನನ್ನ ಎಲುಬಿನಲ್ಲಿ ಕೂತ ಪಾಠ. "ಕೂಗು ಹೋಗಬೇಕು, ನಾವು ಹೋಗಬಾರದು" ಎಂದು ನನ್ನ ಹಿರಿಯರು ಕಲಿಸಿದ್ದರು. ಕೋರ್ಟಿನವನು ಯಾವ ಕಕ್ಷಿದಾರನ ಬಳಿಯೂ ನಡೆದು ಹೋಗಬಾರದು, ಒಲವು ತೋರಿದಂತಾಗುತ್ತದೆ. ಸೇವೆ ಪೂರ್ತಿ ಹಾಗೆಯೇ ನಡೆದವನು, ಮೂರನೆಯದಕ್ಕೆ ಜವಾನ ಉಸಿರು ಎಳೆದುಕೊಂಡಾಗ ಅವನಿಗೆ ಕೈ ಅಡ್ಡ ಹಿಡಿದು ಅಂಗಳಕ್ಕೆ ಇಳಿದೆ.

ಅವಳ ಮುಂದೆ ನಿಂತೆ. ಮಗು ಕಾಣದಂತಾಯಿತೆಂದು ಅವಳು ಸಿಟ್ಟಿನಿಂದ ನನ್ನ ಭುಜ ತಳ್ಳಿದಳು. ನಾನು ಮೂಗಿನ ಬಳಿ ಬೆರಳಿಟ್ಟು ತಿರುಪು ತಿರುಗಿಸಿದೆ.

ಅವಳು ನನ್ನ ಬೆರಳನ್ನೇ ನೋಡಿದಳು. ಆಮೇಲೆ ನನ್ನ ಹಿಂದಿನ ಬಾಗಿಲು ನೋಡಿ, ಅರ್ಥವಾಗಿ, ಓಡಿದಳು. ಕೂಗು ಕೇಳಿ ಹೊರಬಂದ ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಪೂರ್ತಿ ನೋಡಿದ್ದಳು.

ಒಳಗೆ ನಡೆದದ್ದನ್ನು ನಾನು ಆಮೇಲೆ ಕೇಳಿದ್ದು. ಅತ್ತೆಯದು ಒಂದೇ ಮಾತಂತೆ: "ನಡೂ ರಾತ್ರಿ ಕೂಸು ಅತ್ರೆ ಇದ್ಕೆ ಕೇಳ್ತದ್ಯಾ? ನೀವೇ ಹೇಳಿ." ಕೆಟ್ಟ ಹೆಂಗಸಿನ ಪ್ರಶ್ನೆಯಲ್ಲ ಅದು, ಅಜ್ಜಿಯ ಪ್ರಶ್ನೆ. ದೇವಕಿ ಪರದೆಯ ಈಚೆಯಿಂದ ಮಣಿಕಟ್ಟಿಗೆ ದಾರ ಸುತ್ತಿ, ಗಂಟು ಹಾಕಿ, ಜಗ್ಗಿ ತೋರಿಸಿದಳು. ಸನ್ನೆಯ ಹುಡುಗಿಗೆ ತಿಳಿಯಲಿಲ್ಲ. ಅಕ್ಕೋರು ಬಿಡಿಸಿ ಹೇಳಿದಳು: ಮಗು ಹುಟ್ಟಿದ ದಿನದಿಂದ ಮಲಗುವಾಗ ಬಲೆ ನೇಯುವ ದಾರದ ಒಂದು ತುದಿ ಮಗುವಿನ ಕೈಗೆ, ಇನ್ನೊಂದು ತುದಿ ತನ್ನ ಕೈಗೆ. ಮಗು ಮಿಸುಕಿದರೆ ತಾಯಿಗೆ ಎಚ್ಚರ. ಕಿವಿ ಇದ್ದವರಿಗಿಂತ ಮೊದಲೇ ಎಚ್ಚರ. ಪರದೆಯ ಆಚೆಯಿಂದ ಅತ್ತೆಯೇ, "ಹೌದು, ದಾರ ಕಟ್ತಿತ್ತು" ಎಂದಳಂತೆ.

ಕಟ್ಟಿಹಾಕುವ ಅಪರಾಧಕ್ಕೆ ಕಲಂ ಹುಡುಕಿಟ್ಟುಕೊಂಡಿದ್ದ ಪಂಡಿತ ನಾನು!

ಮರಳುವ ಬಸ್ಸಿನಲ್ಲಿ ಹೆಂಡತಿ ಅವರ್ಸೆ ಊರು ದಾಟುವವರೆಗೆ ಟಿಕೆಟು ಮಡಿಸುತ್ತಾ ಬಿಚ್ಚುತ್ತಾ ಕುಳಿತಿದ್ದಳು. ಆಮೇಲೆ, "ದಾಸವಾಳ ಕೊಳ್ತದ್ದು ಅದ್ಕೇ ಆಗಿತ್ತಾ?" ಎಂದಳು.

"ಹೂಂ."

"ಉಳ್ದೋರದ್ದೂ ಕೇಳ್ತ್ರಾ ಹಂಗಾರೆ?"

"ಉಳಿದವರದು ಕೇಳಿಸುವುದಿಲ್ಲ" ಎಂದೆ. ಸತ್ಯವನ್ನೇ ಹೇಳಿದೆ.

ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡಳು. ನಕ್ಕಳೋ ಸಿಟ್ಟಾದಳೋ ನನಗೆ ಕಾಣಲಿಲ್ಲ. ಕೆಲವು ತಿಂಗಳ ನಂತರ ಆದೇಶ ಬಂತು: ಮಗು ತಾಯಿಯ ಬಳಿ, ಭಾನುವಾರ ಅಜ್ಜಿ ಬಂದು ನೋಡಬಹುದು. ಹೊಗಳಿಕೆಯೆಲ್ಲ ಅಕ್ಕೋರಿಗೆ. ಅಂಗಳಕ್ಕೆ ಇಳಿದವನ ಸುದ್ದಿ ಯಾರೂ ಎತ್ತಲಿಲ್ಲ. ನಾನು ಹೊಸ ದಾಸವಾಳ ನೆಟ್ಟೆ, ಅದೇ ಜಾಗದಲ್ಲಿ.

ಇವತ್ತು ಮಧ್ಯಾಹ್ನ ಮೂರು ಗಂಟೆಗೆ ತಾಯಿ ಮಗಳು ಬಂದರು. ಸಾನ್ವಿ ಈಗ ಶಾಲೆಗೆ ಹೋಗುತ್ತದೆ, ಬಾಯಿ ಬಡಬಡ, ಕೈಯೂ ಅಷ್ಟೇ ಚುರುಕು. ಹೆಂಡತಿ ಈಶಾಡ ಹೆಚ್ಚಿ ತಟ್ಟೆಗೆ ಹಾಕಿದಳು. ದೇವಕಿ ಕಿವಿ ಹಿಂಡಿ ಅಕ್ಕೋರಿಗೆ ಏನೋ ಹೇಳಿ ನಗುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಕ್ಕೋರಿಗೆ ಒಂದು ಹೆಸರು ಉಂಟು. ನನಗೆ ಇಲ್ಲವೇನೇ?" ಎಂದು ಮಗುವನ್ನು ಕೇಳಿದೆ.

"ಉಂಟಲ್ಲ ಅಜ್ಜಾ! ಆಯಿ ಮೊದ್ಲಿಂದ್ಲೂ ಹೇಳ್ತದೆ" ಎಂದು ತಾಯಿಯ ಕಡೆ ಬೆರಳು ತೋರಿಸಿತು.

"ಮೊದಲಿಂದಲೂ? ಹೇಗೆ?"

ಸಾನ್ವಿ ಹಣ್ಣಿನ ರಸ ಲಂಗಕ್ಕೆ ಒರೆಸಿಕೊಂಡಿತು. ಎಡಗೈಯ ಬೆರಳು ಬಿಡಿಸಿ, ಕಿಟಕಿಯ ಸರಳಿನಂತೆ ಕಣ್ಣ ಮುಂದೆ ಹಿಡಿಯಿತು. ಕುತ್ತಿಗೆ ಕೊಕ್ಕರೆಯಂತೆ ಉದ್ದ ಮಾಡಿ ಸಂದಿಯಿಂದ ಇಣುಕಿತು. ಬಲಗೈಯಲ್ಲಿ ತಂಬಿಗೆ ಬಗ್ಗಿಸಿ ನೀರು ಹೊಯ್ಯಿತು.

ದೇವಕಿ ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನ ಹೆಂಡತಿ ನಕ್ಕು ನಕ್ಕು ಹಣ್ಣಿನ ತಟ್ಟೆ ಕೆಳಗಿಟ್ಟಳು. ನಾನೂ ನಕ್ಕೆ. ಆದರೆ ಕಿವಿ ಬಿಸಿಯಾಯಿತು. ತನ್ನ ಸಂಕಟವನ್ನೆಲ್ಲ ಅವಳು ಆ ದಿನಗಳಲ್ಲಿ ಅಕ್ಕೋರಿಗೆ ಹೇಳುತ್ತಿದ್ದಾಗ ಕಿಟಕಿಯಲ್ಲಿ ಒಬ್ಬ ಮುದುಕ ಇದ್ದಾನೆಂಬುದು ಅವಳಿಗೆ ಪ್ರತಿ ದಿನ ಗೊತ್ತಿತ್ತು. ಗೊತ್ತಿದ್ದೂ ಹೇಳಿದಳು, ಅವಳಿಗೆ ಬೇರೆ ಕೋಣೆ ಇರಲಿಲ್ಲ. ಕೋರ್ಟಿನಲ್ಲಿ ಸಿಕ್ಕ ಪರದೆ ನಮ್ಮ ಮನೆಯಲ್ಲಿ ಸಿಕ್ಕಿರಲಿಲ್ಲ.

ಅವರು ಹೋದ ಮೇಲೆ ಕಪಾಟಿನಿಂದ ನನ್ನ ಹಳೆಯ ಪಂಚೆ ತೆಗೆದು ಕಿಟಕಿಯ ಅಳತೆಗೆ ಕತ್ತರಿಸಿದೆ. ಮೊಳೆ ಹೊಡೆಯುವ ಸದ್ದಿಗೆ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು.

"ಗಾಳಿ ಬರೂದಿಲ್ಲಲ್ರಾ" ಎಂದಳು.

"ಬರುತ್ತದೆ. ತೆಳ್ಳಗಿನ ಬಟ್ಟೆ."

ಆಕೆ ಬಂದು, ಬಟ್ಟೆ ಪೋಣಿಸಿದ ದಾರದ ಇನ್ನೊಂದು ತುದಿ ಹಿಡಿದುಕೊಂಡಳು.

ಗಂಟು ಬಿಗಿಯುವಷ್ಟರಲ್ಲಿ ಗೇಟಿನ ಸದ್ದಾಯಿತು. ಗುರುತಿಲ್ಲದ ಹೆಂಗಸು, ತಲೆಯ ಮೇಲೆ ಸೆರಗು. "ಅಕ್ಕೋರು ಇದ್ರ್ಯಾ?"

"ಇದ್ದಾರೆ, ಒಳಗೆ ಬನ್ನಿ" ಎಂದೆ. ಹೊಟ್ಟೆಯೊಳಗೆ ಹಳೆಯ ಕಿಚ್ಚು ತನ್ನ ಜಾಗದಲ್ಲೇ ಎದ್ದು ಕುಳಿತಿತು. ಅವರಿಬ್ಬರನ್ನು ಒಳಗೆ ಬಿಟ್ಟು ಹೊರಗೆ ಬಂದು, ಸರಳುಗಳ ನಡುವೆ ಕೈ ತೂರಿಸಿ ಪರದೆಯನ್ನು ಕೊನೆಯವರೆಗೂ ಎಳೆದೆ. ಸಂಜೆ ಆರೂ ಕಾಲು. ದಾಸವಾಳಕ್ಕೆ ನೀರು ಹಾಕಲಿಲ್ಲ.