ಮುಡಿಗೇರಿದ ವಸ್ತುಚಿತ್ರ

ನನ್ನ ಪರ್ಸಿನಲ್ಲಿ ಬಸ್ಸಿಗೆ ಚಿಲ್ಲರೆ ಇಲ್ಲದ ದಿನಗಳುಂಟು, ಓದುವ ಕನ್ನಡಕ ಮರೆತು ಬಂದ ದಿನಗಳಂತೂ ಬಹಳವುಂಟು; ಆದರೆ ತಲೆಗೆ ಸಿಕ್ಕಿಸುವ ಪಿನ್ನು ಇಲ್ಲದ ದಿನ ಮಾತ್ರ ಇಲ್ಲವೇ ಇಲ್ಲ. ಇದೇನು ಮಹಾ ಸಂಗತಿ ಎಂದು ಮೂಗು ಮುರಿಯುವ ಮೊದಲು ತಾವು ನನ್ನ ತಲೆಯನ್ನೊಮ್ಮೆ ನೋಡಬೇಕು. ನಾನು ಪಾಠ ಮಾಡುತ್ತಿದ್ದ ಕುಮಟೆಯ ಶಾಲೆಯಲ್ಲಿ ಮಕ್ಕಳು ‘ಉದ್ದ ಜಡೆ ಅಕ್ಕೋರು’ ಎಂದೇ ಗುರುತಿಸುತ್ತಿದ್ದ ನನ್ನ ಕೇಶರಾಶಿ ವರ್ಷದಿಂದ ವರ್ಷಕ್ಕೆ ಕ್ಷೀಣಿಸಿ, ರಾಶಿ ಎಂಬ ಪದವಿಗೆ ಅನರ್ಹವಾಗಿ, ನಿವೃತ್ತಿಯ ಹೊತ್ತಿಗೆ ಬೆಕ್ಕಿನ ಬಾಲದಂತಾದಾಗ ನಾನೇ ಅದನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡೆ. ರಾಜ್ಯ ಹೋದರೂ ಮುದ್ರೆಯುಂಗುರ ಬಿಡದ ಅರಸನ ಹಾಗೆ ಪಿನ್ನುಗಳನ್ನು ಮಾತ್ರ ಹೊತ್ತುಕೊಂಡೇ ತಿರುಗಿದೆ. ಯಾಕೆಂದು ನನಗೂ ತಿಳಿದಿರಲಿಲ್ಲ.

ತಿಳಿದದ್ದು ಈಚೆಗೆ, ಒಂದು ಚಿತ್ರಶಾಲೆಯ ಬಾಗಿಲಲ್ಲಿ.

ಹೊನ್ನಾವರದಿಂದ ಕುಮಟೆಗೆ ಹೋಗುವ ಹೆದ್ದಾರಿಯಿಂದ ತುಸು ಒಳಗೆ ಚಿರೇಕಲ್ಲಿನ ಒಂದು ಕಟ್ಟಡವಿದೆ. ಒಳಗೆಲ್ಲ ಚಿತ್ರಗಳು, ಹೊರಗೆಲ್ಲ ಗಿಡಮರಗಳು. ಅಳಿವೆಯಂಚಿನ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾದಿಂದ ಹಿಡಿದು ಗೇರುಸೊಪ್ಪದ ಕಾಡಿನ ಸುರಗಿಯವರೆಗೆ ಪ್ರತಿಯೊಂದರ ಕೊರಳಿಗೂ ಹೆಸರಿನ ಫಲಕ ಕಟ್ಟಿದ್ದಾರೆ. ಉದ್ಯಾನವೂ ಸಂಗ್ರಹಾಲಯವೂ ಒಂದೇ ಸೂರಿನಡಿ, ಅಲ್ಲ, ಒಂದೇ ಬೇಲಿಯೊಳಗೆ ಸಂಸಾರ ಹೂಡಿದ ಈ ಜಾಗದಲ್ಲಿ ತಿಂಗಳಿಗೊಂದು ಭಾನುವಾರ ಸಾರ್ವಜನಿಕ ಕಾರ್ಯಕ್ರಮ ನಡೆಸುವವರು ದಾಮೋದರ ಮಾಸ್ತರು. ಅವರು ಆಯುಷ್ಯವಿಡೀ ಡ್ರಾಯಿಂಗ್ ಮಾಸ್ತರಿಕೆ ಮಾಡಿದವರು. ಪರೀಕ್ಷೆ ಹತ್ತಿರ ಬಂತೆಂದರೆ ಅವರ ಪಿರಿಯಡ್ಡಿನಲ್ಲಿ ಗಣಿತದ ಮಾಸ್ತರು ಬಂದು ಕೂರುವರು. ಪರೀಕ್ಷೆ ದೂರವಿದ್ದರೆ ಮಕ್ಕಳನ್ನು ಆಟಕ್ಕೆ ಬಿಡುವರು. ಹೀಗಾಗಿ ಒಂದು ಕೋಣೆ ತುಂಬ ಜನ ತಲೆ ತಗ್ಗಿಸಿ ಚಿತ್ರ ಬರೆಯುವುದನ್ನು ಕಣ್ತುಂಬ ನೋಡಬೇಕೆಂಬ ಅವರ ಆಸೆ ನಿವೃತ್ತಿಯಾದರೂ ಈಡೇರಿರಲಿಲ್ಲ. ನಿವೃತ್ತರಿಗೆ ಬೇರೆ ಕೆಲಸವೇನು ಎಂಬ ಲೋಕದ ಅಭಿಪ್ರಾಯಕ್ಕೆ ಬಲಿಯಾಗಿ ನಾನು ಅವರ ಸಹಾಯಕಿಯಾಗಿದ್ದೆ.

ನಮ್ಮ ಕಾರ್ಯಕ್ರಮಗಳ ಕಥೆಯನ್ನು ಏನು ಕೇಳುತ್ತೀರಿ! ‘ಸಸ್ಯಪರಿಚಯ ವಿಹಾರ’ ಎಂದು ಮಾಡಿದೆವು. ಬಂದ ನಾಲ್ಕು ಜನ ಸಸ್ಯಗಳ ಪರಿಚಯ ಮಾಡಿಕೊಂಡರೋ ಇಲ್ಲವೋ, ಹೋಗುವಾಗ ಅವರವರ ಕೊಡೆಯೊಳಗೆ ಒಂದೊಂದು ಟೊಂಗೆ ಇತ್ತು. ಕೇಳಿ ತಂದ ಗಿಡಕ್ಕಿಂತ ಕದ್ದು ತಂದ ಗಿಡ ಚೆನ್ನಾಗಿ ಚಿಗುರುತ್ತದೆ ಎಂಬುದು ನಮ್ಮ ಕಡೆಯ ಹೆಂಗಸರ ಅಚಲ ಸಿದ್ಧಾಂತ. ನನ್ನ ಅಂಗಳದ ದಾಸವಾಳಗಳ ಜನ್ಮವೃತ್ತಾಂತವನ್ನು ಕೆದಕದಿರುವುದೇ ಕ್ಷೇಮವಾದ್ದರಿಂದ ನಾನು ಆಕಾಶ ನೋಡುತ್ತ ನಿಂತೆ. ಆಮೇಲೆ ‘ಚಿತ್ರಕಲೆಯ ರಸಾಸ್ವಾದನೆ’ ಎಂದು ಉಪನ್ಯಾಸ ಇಟ್ಟೆವು. ಬಂದವರು ಚಪ್ಪಲಿಗಳನ್ನು ಭಕ್ತಿಯಿಂದ ಹೊರಗೆ ಬಿಟ್ಟು, ಮುಂದಿನ ಕುರ್ಚಿಗಳನ್ನೆಲ್ಲ ಅದೃಶ್ಯರಾದ ಗಣ್ಯರಿಗೆಂದು ಖಾಲಿಯಿಟ್ಟು, ಹಿಂದಿನ ಸಾಲಿನಲ್ಲಿ ಕೂತು ಸಮವಾಗಿ ಉಸಿರಾಡುತ್ತ ನಿದ್ರಿಸಿದರು. ಕೊನೆಗೆ ಆಡಳಿತ ಸಮಿತಿಯವರು ಮಾಸ್ತರನ್ನು ಕರೆದು, ಈ ಭಾನುವಾರವೂ ಕುರ್ಚಿಗಳು ಖಾಲಿ ಉಳಿದರೆ ಕಾರ್ಯಕ್ರಮ ನಿಲ್ಲಿಸಿ ಸಭಾಂಗಣವನ್ನು ಫರ್ನಿಚರ್ ಅಂಗಡಿಯ ಗೋದಾಮಿಗೆ ಬಾಡಿಗೆಗೆ ಕೊಡುತ್ತೇವೆ ಎಂದರು. ಮಾಸ್ತರು ಬಂದು ನನಗೆ ಅದನ್ನು ಹೇಳಿದ ರೀತಿ ಹೇಗಿತ್ತೆಂದರೆ, ಮತ್ತೆ ಗಣಿತದ ಮಾಸ್ತರು ಬಾಗಿಲಲ್ಲಿ ನಿಂತಿದ್ದಾರೇನೋ ಎಂದು ನಾನು ತಿರುಗಿ ನೋಡಿದೆ.

ಈ ಸಲ ಜನ ಸೇರಿಸಲು ನಾನೇ ಶಿರಾಲಿಗೆ ಹೋದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಮಂಗಲಾ ಹೆಂಗಸರದೊಂದು ಸ್ವಸಹಾಯ ಸಂಘ ನಡೆಸುತ್ತಾಳೆ. ಗದ್ದೆಯಲ್ಲಿ ಸಸಿ ನೆಡುವ ನಟ್ಟಿಗೆ ನಿಂತರೆ ಹಾಡಿಗೆ ಹಾಡು ಪೋಣಿಸಿ ಸಂಜೆ ಮಾಡುವ ಗುಂಪು. ‘ಎಂತ ಕಾರ್ಯಕ್ರಮ ಅಕ್ಕೋರೇ?’ ಎಂದು ಅವಳು ಕೇಳಿದಾಗ, ಚಿತ್ರ ಬರೆಯುವುದೆಂದರೆ ಎಲ್ಲಿ ಹಿಂಜರಿಯುತ್ತಾರೋ ಎಂದು ಹೆದರಿ, ‘ಬನ್ನಿ ಮಾರಾಯ್ತಿ, ಚೆಂದ ಇರ್ತದೆ’ ಎಂದಷ್ಟೇ ಹೇಳಿ ಬಂದೆ. ಮುಂದಿನ ಅನರ್ಥಕ್ಕೆಲ್ಲ ಈ ರಾಜನೀತಿಯೇ ಮೂಲ.

ಭಾನುವಾರ ಮಾಸ್ತರು ವಸ್ತುಚಿತ್ರಕ್ಕೆ, ಎಂದರೆ ಎದುರಿಗೆ ಇಟ್ಟ ಸಾಮಾನು ನೋಡಿ ಬರೆಯುವ ಚಿತ್ರಕ್ಕೆ, ಸಿದ್ಧತೆ ಮಾಡಿದ್ದರು. ಒಳ್ಳೆಯ ಬೆಳಕು ಬಾಗಿಲ ಬಳಿಯೇ ಬೀಳುತ್ತಿದ್ದುದರಿಂದ ಮೇಜು ಅಲ್ಲಿ. ಮೇಜಿನ ಮೇಲೆ ಹಿತ್ತಾಳೆಯ ಹರಿವಾಣ, ಅದರಲ್ಲಿ ವೀಳ್ಯದೆಲೆ, ಬಾಳೆಹಣ್ಣು, ಒತ್ತಾಗಿ ಕಟ್ಟಿದ ಮಲ್ಲಿಗೆಯ ದಂಡೆಗಳು. ಮಲ್ಲಿಗೆಯನ್ನು ತಂದವಳು ಭಟ್ಕಳದ ಜುಲೇಖಾ. ನನ್ನ ಜೊತೆ ಪಾಠ ಮಾಡಿ ನಿವೃತ್ತಳಾದವಳು, ಊರಿನ ಮಲ್ಲಿಗೆಯನ್ನು ಹೊಗಳಲು ಹೊರಟರೆ ನಾವಾಯತಿ, ಕನ್ನಡ, ಉರ್ದು ಮೂರೂ ಸಾಲದೆ ಕೈಸನ್ನೆಗೆ ಇಳಿಯುವವಳು. ಅವಳೂ ಮಾಸ್ತರೂ ಪೆನ್ಸಿಲ್ ಕೆತ್ತಲು ಒಳಕೋಣೆಗೆ ಹೋದರು. ಅಷ್ಟರಲ್ಲಿ ಶಿರಾಲಿಯ ಟೆಂಪೋ ಬಂತು.

ಇಳಿದರು ನೋಡಿ! ಜರಿಸೀರೆಗಳು, ಪೌಡರಿನ ಪರಿಮಳ, ಕೈತುಂಬ ಬಳೆಗಳು. ನಾನು ಟೆಂಪೋ ಪಕ್ಕದಲ್ಲೇ ನಿಂತು ತಲೆ ಎಣಿಸುತ್ತ, ಎಣಿಕೆ ತಪ್ಪಿದಷ್ಟೂ ಹಿಗ್ಗುತ್ತಿದ್ದೆ. ಮೊದಲು ಒಳಹೋದವರು ತಿರುಗಿ ಬಂದು, ‘ಅಕ್ಕೋರೇ, ಒಂದು ಪಿನ್ನು ಇದ್ಯಾ?’ ಎಂದರು. ಇದ್ಯಾ ಎಂದರೇನು! ನಾನು ಪರ್ಸು ಬಿಚ್ಚಿದೆ. ಅವರ ಹಿಂದೆ ಇನ್ನಿಬ್ಬರು, ಅವರ ಹಿಂದೆ ಮತ್ತಷ್ಟು ಜನ. ಅಷ್ಟು ಕಾಲ ನಿರುದ್ಯೋಗಿಗಳಾಗಿ ಬಿದ್ದಿದ್ದ ಪಿನ್ನುಗಳನ್ನು ಪ್ರಸಾದದ ಹಾಗೆ ಹಂಚಿ, ಕೆಲವರ ಮುಡಿಗೆ ನಾನೇ ಸಿಕ್ಕಿಸಿ, ‘ಎಷ್ಟು ಒಳ್ಳೆ ಹೂವು, ಎಲ್ಲಿಂದ ತಂದ್ರಿ?’ ಎಂದು ಬೇರೆ ವಿಚಾರಿಸಿದೆ. ಅವರು ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದಿರಬೇಕು.

ಒಳಗೆ ಹೋದಾಗ ಮಾಸ್ತರು ಹರಿವಾಣದ ಮುಂದೆ ನಿಂತಿದ್ದರು. ಹರಿವಾಣ ಲಕಲಕ ಹೊಳೆಯುತ್ತಿತ್ತು, ಹೊಳೆಯದೆ ಏನು ಮಾಡೀತು, ಅದರ ಮೇಲೆ ಏನೂ ಇರಲಿಲ್ಲ. ಕಾರ್ಯಕ್ರಮದ ಬಾಗಿಲಲ್ಲಿ ಹೂವು, ಹಣ್ಣು, ಎಲೆ ಇಟ್ಟಿದ್ದರೆ ಅದು ಬಂದ ಹೆಂಗಸರಿಗೆ ಮಾಡುವ ಮರ್ಯಾದೆ. ತೆಗೆದುಕೊಳ್ಳದೆ ದಾಟಿಹೋದರೆ ಕರೆದವರಿಗೆ ಅವಮಾನ. ಈ ಸಂಸ್ಕಾರವನ್ನು ಶಿರಾಲಿಯ ಸಂಘ ಚಾಚೂ ತಪ್ಪದೆ ಪಾಲಿಸಿತ್ತು. ಮಾಸ್ತರ ವಸ್ತುಚಿತ್ರದ ಅರ್ಧ ಭಾಗ ಮುಡಿಗಳಲ್ಲಿತ್ತು, ಉಳಿದರ್ಧ ಹೊಟ್ಟೆಗಳಲ್ಲಿತ್ತು.

ಮಂಗಲಾಗೆ ಎಲ್ಲರಿಗಿಂತ ಮೊದಲು ಹೊಳೆಯಿತು. ಅವಳ ಮುಖ ಬಾಡಿತು. ‘ಛೇ, ಎಂತ ಮಾಡಿಬಿಟ್ವಿ ಅಕ್ಕೋರೇ’ ಎನ್ನುತ್ತ ಅವಳು ಮುಡಿಗೆ ಕೈ ಹಾಕಿದಳು. ಅವಳನ್ನು ನೋಡಿ ಸಭಾಂಗಣದಲ್ಲಿದ್ದ ಕೈಗಳೆಲ್ಲ ಮುಡಿಗಳತ್ತ ಹೋದವು. ಇನ್ನೊಂದು ಕ್ಷಣದಲ್ಲಿ ಹೂವು ಹರಿವಾಣಕ್ಕೆ ಬರುತ್ತಿತ್ತು, ನಾಚಿಕೆಯಿಂದ ಜನ ಟೆಂಪೋ ಹತ್ತುತ್ತಿದ್ದರು, ಗೋದಾಮಿನ ಬೀಗ ಬೀಳುತ್ತಿತ್ತು. ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ಜುಲೇಖಾ ಮಾತ್ರ ತಣ್ಣಗೆ, ‘ಮಾಸ್ತರೇ, ನಮ್ಮೂರ ಮಲ್ಲಿಗೆ ತಟ್ಟೇಲಿ ಕೂರೂದಲ್ಲ’ ಎಂದಳು.

ಮಾಸ್ತರು ಹರಿವಾಣ ನೋಡಿದರು, ಮುಡಿಗಳನ್ನು ನೋಡಿದರು. ‘ಯಾರೂ ತೆಗೀಬೇಡಿ’ ಎಂದರು. ‘ಹಾಗೇ ಸಾಲಾಗಿ ಕೂತ್ಕಳಿ. ನಿಮ್ಮೆದುರು ಕೂತವರ ಮುಡಿ ಬರೀರಿ.’

ಹಿಂದಿನ ಸಾಲಿನವರು ಮುಂದಿನ ಸಾಲಿನ ಮುಡಿ ಬರೆಯತೊಡಗಿದರು. ಬರೆಯಲು ಬರುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಪಕ್ಕದ ಮನೆಯವಳ ಮುಡಿಯನ್ನು ಅಷ್ಟು ಹೊತ್ತು ದಿಟ್ಟಿಸಿ ನೋಡಲು ಅಧಿಕೃತ ಪರವಾನಗಿ ಸಿಕ್ಕ ಖುಷಿ ಅವರದು. ಆದರೆ ಮೊದಲ ಸಾಲಿನವರಿಗೆ ಎದುರಿಗೆ ಯಾರೂ ಇಲ್ಲವಲ್ಲ! ಮಾಸ್ತರು ತಾವೇ ಒಂದು ಕುರ್ಚಿ ಎಳೆದು, ಅವರಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಹಾಕಿ ಕೂತರು. ಕೂದಲಿಲ್ಲದ ಅವರ ತಲೆಯ ಹಿಂಭಾಗ ಬೆಳಕಿನಲ್ಲಿ ಹರಿವಾಣಕ್ಕೇ ಸವಾಲು ಹಾಕುತ್ತಿತ್ತು. ಜುಲೇಖಾ ತನ್ನ ಚೀಲದಲ್ಲಿ ಉಳಿದಿದ್ದ ಒಂದು ತುಂಡು ಮಲ್ಲಿಗೆಯನ್ನು ಅವರ ಕಿವಿಯ ಮೇಲಿಟ್ಟಳು. ಸಭೆ ನಕ್ಕು ನಕ್ಕು ಆಮೇಲೆ ಕಾಗದಗಳತ್ತ ಬಾಗಿತು. ಯಾರೋ ಗದ್ದೆಯ ಹಾಡೊಂದನ್ನು ಗುನುಗಿದರು. ಕಾಗದದ ಮೇಲೆ ಪೆನ್ಸಿಲುಗಳು ಓಡುವ ಸದ್ದು ಕೇಳತೊಡಗಿತು.

ನಾನು ಗೋಡೆಯ ಬಳಿ ನಿಂತಿದ್ದರಿಂದ ಮಾಸ್ತರ ಮುಖ ಕಂಡದ್ದು ನನಗೊಬ್ಬಳಿಗೆ. ಆಯುಷ್ಯವಿಡೀ ನೋಡಬೇಕೆಂದುಕೊಂಡ ದೃಶ್ಯ ಬೆನ್ನ ಹಿಂದೆ ನಡೆಯುತ್ತಿದೆ, ತಿರುಗಿದರೆ ಚಿತ್ರ ಕೆಡುತ್ತದೆ. ಅವರು ಕತ್ತು ಅಲುಗಿಸದೆ, ತುಟಿಯಲ್ಲೇ ಕೇಳಿದರು:

‘ಅಕ್ಕೋರೇ, ಬರೀತಿದ್ದಾರಾ?’

‘ಎಲ್ಲರೂ ಬರೀತಿದ್ದಾರೆ ಮಾಸ್ತರೇ.’

‘ಆತು’ ಎಂದರು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ.

ಗೋದಾಮಿನ ಮಾತನ್ನು ಸಮಿತಿಯವರು ಮತ್ತೆ ಎತ್ತಿಲ್ಲ. ‘ಮುಟ್ಟಬೇಡಿ’ ಎಂಬ ಫಲಕಗಳ ನಡುವೆ ಜನ ಅತಿಥಿಗಳಾಗಿಯೇ ಉಳಿಯುತ್ತಾರೆ, ಏನಾದರೊಂದು ಕೈಗೋ ಮುಡಿಗೋ ಬಂದರೆ ಮನೆಯವರಾಗುತ್ತಾರೆ ಎಂದು ನನಗೀಗ ಅನ್ನಿಸುತ್ತದೆ. ಈಗ ಪ್ರತಿ ಕಾರ್ಯಕ್ರಮದ ದಿನವೂ ಬಾಗಿಲಲ್ಲಿ ಹರಿವಾಣವಿರುತ್ತದೆ, ಟೊಂಗೆ ಬೇಕಾದವರಿಗೆ ಟೊಂಗೆಯೂ ಉಂಟು. ಕದ್ದಂತೆ ಅನ್ನಿಸಲಿ ಎಂದು ಕೊಡುವಾಗ ಮಾಸ್ತರು ಮುಖ ಆಚೆ ತಿರುಗಿಸುತ್ತಾರೆ. ಮುಡಿ ಬರೆದ ಆ ಭಾನುವಾರದ ಸಂಜೆ ನನ್ನ ಪರ್ಸಿನಲ್ಲಿ ಕನ್ನಡಕವಿತ್ತು, ಬಸ್ಸಿಗೆ ಚಿಲ್ಲರೆಯಿತ್ತು, ಪಿನ್ನು ಮಾತ್ರ ಒಂದೂ ಇರಲಿಲ್ಲ. ಹೊನ್ನಾವರದ ಪೇಟೆಯಲ್ಲಿ ಇಳಿದು ಒಂದು ಕಟ್ಟು ಕೊಡಿ ಎಂದೆ. ಅಂಗಡಿಯವರು ನನ್ನ ತಲೆಯನ್ನು ನೋಡಿ, ಪಾಪ, ಮೆಲ್ಲಗೆ ಯಾರಿಗೆಂದು ಕೇಳಿದರು.

‘ದೊಡ್ಡ ಕಟ್ಟೇ ಕೊಡಿ’ ಎಂದೆ. ‘ಬಹಳ ಜನ ಬರ್ತಾರೆ.’