ಶ್ರಾವಣಕ್ಕೆ ನಾನೇ ಓದಬೇಕಿತ್ತು

ನಾನು ಚಿಕ್ಕವನಿದ್ದಾಗ ನನ್ನ ತಲೆಯೊಳಗೆ ಒಂದೇ ಹುಚ್ಚು: ಬರುವ ಶ್ರಾವಣದಲ್ಲಿ ಕಮಲಾಪುರದ ಮಠದೊಳಗೆ ನಾನೇ ಪುರಾಣ ಓದಬೇಕು! ನಮ್ಮ ಮನೆಯವರು ಓದುವುದು, ಊರವರು ಕೂತು ಕೇಳುವುದು, ಅದು ಮೊದಲಿನಿಂದ ಬಂದ ರೂಢಿ. ಅಜ್ಜನ ಕಣ್ಣು ಹೋದ ಮೇಲೆ ಓದುವವರಿರಲಿಲ್ಲ. ಅಪ್ಪ ಹೊಲ, ಬಾಳೆ ಎಂದು ತಿರುಗಿದವನು, ಅವನಿಗೆ ಅಕ್ಷರ ಹತ್ತಲಿಲ್ಲ. ಹೀಗಾಗಿ ಅಜ್ಜ ನನ್ನನ್ನು ಹಿಡಿದು ಕೂಡಿಸಿ, ಅಂಗಳದ ಕೆಂಪು ಮಣ್ಣಿನ ಮೇಲೆ ಬೆರಳಿನಿಂದ ಕನ್ನಡ ತಿದ್ದಿಸಿದ. ಆಗ ನಮ್ಮದು ನಿಜಾಮನ ರಾಜ್ಯ. ಸರಕಾರಿ ಸಾಲೆಯೊಳಗೆ ಎಲ್ಲ ಉರ್ದು. ಕನ್ನಡ ಬೇಕೆಂದರೆ ಮನೆ, ಇಲ್ಲವೇ ಮಠ.

ಬೇಸಿಗೆ ಮುಗಿಯುವಾಗ ಒಂದು ದಿನ ಅಪ್ಪ ಬಂಡಿಗೆ ಕೆಂಬಾಳೆ ಗೊನೆ ಹೇರಿದ.

"ನಡಿಯೋ ತಮ್ಮಾ, ಕಲಬುರ್ಗಿಗೆ ಹೋಗಮು. ಪುರಾಣ ಓದಾಕ ನಿನಗೊಂದು ಹೊಸ ಧೋತರ ತರಮು" ಅಂದ.

ಅಕ್ಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಅಜ್ಜ ನನ್ನ ಮುಖ ಸವರಿ, "ಛಲೋ ಓದಬೇಕು ನೋಡಪಾ, ನಾ ಮುಂದ ಕುಂತು ಕೇಳ್ತೀನಿ" ಎಂದ. ಹಣ್ಣಾಗುತ್ತಿದ್ದ ಬಾಳೆಯ ಸಿಹಿ ವಾಸನೆಯೊಳಗೆ ಕೂತು ದಾರಿಯುದ್ದಕ್ಕೂ ಪುರಾಣದ ಪದ್ಯ ಒದರಿದೆ. ಮಹಾಗಾಂವದ ಹತ್ತಿರ ಬೇವಿನ ನೆರಳಿಗೆ ಊಟಕ್ಕೆ ಕೂತಾಗಲೂ ನನ್ನ ಬಾಯಿ ನಿಲ್ಲಲಿಲ್ಲ. ಅಪ್ಪ ಮಾತ್ರ ಮುಖ ಎತ್ತಲಿಲ್ಲ. ಬಿಸಿಲಿಗೆ ಬಾಳೆ ಕೆಡುತ್ತದೆಂಬ ಚಿಂತೆ ಇರಬೇಕೆಂದುಕೊಂಡೆ.

ಶಹಾಬಜಾರದಲ್ಲಿ ಗೊನೆ ಇಳಿಸಿ ಇಬ್ಬರೂ ನಡೆದೆವು. ಇಕ್ಕಟ್ಟು ಓಣಿ, ಅತ್ತರಿನ ಘಮ, ಕರಿಯುವ ಎಣ್ಣೆಯ ಹೊಗೆ. ಅರಿವೆ ಅಂಗಡಿಗಳು ಒಂದೊಂದೇ ಹಿಂದೆ ಬಿದ್ದವು, ಅಪ್ಪ ನಿಲ್ಲಲೇ ಇಲ್ಲ. ಕೊನೆಗೆ ಒಂದು ಉರ್ದು ಸಾಲೆಯ ಮುಂದೆ ನಿಂತ. ಒಳಗಿದ್ದ ವಯಸ್ಸಾದ ಮಾಸ್ತರರು ನನ್ನ ಬೆನ್ನು ತಟ್ಟಿ, "ಮಗಾ, ಕನ್ನಡ ಓದಾಕ ಬರ್ತದೇನು?" ಎಂದು ನಮ್ಮ ಮಾತಿನಲ್ಲೇ ಪ್ರೀತಿಯಿಂದ ಕೇಳಿದರು. ನಾನು ಎದೆ ಉಬ್ಬಿಸಿದೆ.

ಅಷ್ಟರೊಳಗೆ ಅಪ್ಪ ಕೈಮುಗಿದ. "ಇಲ್ರಿ ಸಾಹೇಬರೇ, ಅವಗ ಒಂದಕ್ಷರಾನೂ ಬರಂಗಿಲ್ಲ. ನೀವು ಉರ್ದೂನೇ ಕಲಸ್ರಿ. ಇಲ್ಲೇ ಗಾಜಿಪುರದಾಗ ಮಾವನ ಮನ್ಯಾಗ ಇರ್ತಾನ."

"ಬರ್ತದ! ನಂಗ ಓದಾಕ ಬರ್ತದ!" ಎಂದು ಚೀರಿದೆ. ಅಪ್ಪ ನನ್ನ ಬಾಯಿ ಮುಚ್ಚಿ ಹೊರಗೆ ಎಳೆದು ತಂದ.

"ಕಚೇರಿಯೊಳಗ ನಮ್ಮ ಮಾತು ಯಾರು ಕೇಳ್ತಾರೋ? ನನ್ನಂಗ ಬಾಗಿಲಾಗ ಕೈಕಟ್ಟಿ ನಿಂದ್ರತೀಯೇನು?"

"ಅಜ್ಜಗ ಏನು ಹೇಳ್ತಿ?" ಎಂದೆ. ಅಪ್ಪ ನನ್ನ ಕೈಯಲ್ಲೊಂದು ಬಾಳೆಹಣ್ಣು ಇಟ್ಟ. ಸಿಟ್ಟಿಗೆ ಗಟಾರಕ್ಕೆ ಒಗೆದೆ.

ಆ ಶ್ರಾವಣದಲ್ಲಿ ಮಠದೊಳಗೆ ಯಾರೂ ಓದಲಿಲ್ಲ. ಮುಂದಿನ ಶ್ರಾವಣಕ್ಕೆ ಅಜ್ಜನೇ ಇರಲಿಲ್ಲ. ಉರ್ದು ಕಲಿತೆ, ಅದರಿಂದಲೇ ನೌಕರಿ ಹತ್ತಿತು. ಸಕ್ಕರೆಯಂಥ ಭಾಷೆ, ಅದರ ಮೇಲೆ ನನಗೇನು ಸಿಟ್ಟು? ಅಪ್ಪ ನೇರವಾಗಿ ಹೇಳಿದ್ದರೆ ಎರಡನ್ನೂ ಕಲಿಯುತ್ತಿದ್ದೆ. ಒಂದು ಬಾಯಿಯೊಳಗೆ ಎರಡು ಭಾಷೆ ಹಿಡಿಸುವುದಿಲ್ಲವೇ? ಅವನ ಕಷ್ಟ ಈಗ ನನಗೆ ತಿಳಿಯುತ್ತದೆ. ಆದರೂ ಅವನು ಮಾಡಿದ್ದು ಮೋಸ, ಇವತ್ತಿಗೂ ಹಾಗೇ ಹೇಳುತ್ತೇನೆ.

ಮೊಮ್ಮಕ್ಕಳೇ, ಈಗ ನಿಜಾಮನಿಲ್ಲ. ಕಚೇರಿಯ ಬಾಗಿಲಿಗೇ ಕನ್ನಡದ ಬೋರ್ಡು ಇದೆ. ನಿಮ್ಮ ಇಂಗ್ಲಿಷ್ ಸಾಲೆಯಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಾರೆಂದು ನಿನ್ನೆ ನೀವೇ ಹೇಳಿದಿರಿ, ಹೇಳಿ ನಕ್ಕಿರಿ. ನಾನು ಆ ದಿನ ಶಹಾಬಜಾರದ ಓಣಿಯಲ್ಲಿ ಬಿದ್ದು ಹೊರಳಾಡಿ ಅತ್ತಿದ್ದೆ. ನಿಮಗೆ ಅಳುವೇ ಬರಲಿಲ್ಲವಲ್ಲ ಮಕ್ಕಳೇ, ನನಗೆ ಅದೇ ಸಂಕಟ.