ಬಂಗಡೆಯ ಕರುಳು

ಕಾರವಾರದ ಮೀನುಪೇಟೆಯಲ್ಲಿ ಹೊನ್ನು ಹರಿಕಂತ್ರಳ ಬಂಗಡೆಯನ್ನು ಕಣ್ಣುಮುಚ್ಚಿ ಕೊಳ್ಳಬಹುದು ಎಂಬ ಮಾತಿತ್ತು. ಆ ಹೆಸರನ್ನು ರಾಜ್ಯಕ್ಕೆಲ್ಲ ಸಾರಿದವಳು ಮಗಳು ನೀಲಾ. ಅಂಕೋಲೆಯ ಕಾಲೇಜಿನಲ್ಲಿ ಜೀವರಸಾಯನ ಕಲಿಸುತ್ತಿದ್ದಳು. ಆಯಿ ಕೊಟ್ಟ ಮೀನಿನ ಕರುಳನ್ನು ಪ್ರಯೋಗಕ್ಕೆಂದು ಡಬ್ಬಿಯಲ್ಲಿ ಒಯ್ಯುತ್ತಿದ್ದಳು. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಸದಾ ಖಾಲಿ! ಆ ಕರುಳನ್ನು ಅರೆದು ಸೋಸಿ, ತಣ್ಣೀರಿನಲ್ಲೂ ಎಣ್ಣೆಜಿಡ್ಡು ಕರಗಿಸುವ ಕಿಣ್ವವೊಂದನ್ನು ಆರು ವರ್ಷಕ್ಕೆ ಹಿಡಿದಳು. ಬಹುಮಾನ ಬಂತು. "ಇದು ನಮ್ಮ ಆಯಿಯ ತಾಜಾ ಬಂಗಡೆಯ ಕಿಣ್ವ" ಎಂದು ವೇದಿಕೆಯ ಮೇಲೆ ಹೇಳಿದಳು. ಮಾರನೆಯ ದಿನದಿಂದ ಹೊನ್ನುವಿನ ಬುಟ್ಟಿ ಹತ್ತು ಗಂಟೆಗೇ ಬರಿದು.

ಆಮೇಲೆ ಶುರುವಾಯಿತು ಗ್ರಹಚಾರ. ಬೇರೆ ಊರಿನ ಪ್ರಯೋಗಾಲಯದವರು ಅದನ್ನೇ ಮಾಡಿ ನೋಡಿ, ಏನೂ ಸಿಗಲಿಲ್ಲ ಎಂದರು. ಮತ್ತೆ ಮಾಡಿ ತೋರಿಸಿ, ಇಲ್ಲವೇ ಹಿಂದಿರುಗಿಸಿ ಎಂದು ಬಹುಮಾನ ಕೊಟ್ಟವರು ತಿಂಗಳ ಗಡುವು ಹಾಕಿದರು. ನೀಲಾ ಹದಿನೇಳು ಸಲ ಮಾಡಿದಳು. ಎಣ್ಣೆ ಕದಲಲಿಲ್ಲ. ಸುಳ್ಳುಗಾತಿ ಅನ್ನುತ್ತಾರಲ್ಲ ಎಂಬ ಸಂಕಟಕ್ಕೆ ಅನ್ನ ಸೇರದಾಯಿತು.

ಎರಡೇ ದಿನ ಉಳಿದಿತ್ತು. ಮನೆಗೆ ಬಂದವಳು ಹೊಸ್ತಿಲ ಮೇಲೇ ಕುಸಿದಳು. "ಆಯೀ, ಮುಗೀತು. ಎಲ್ಲಿ ತಪ್ಪಿದೆ ಅಂತೇ ತಿಳೂದಿಲ್ಲ."

ಹೊನ್ನು ಮೀನು ಕೊಯ್ಯುತ್ತಿದ್ದ ಮೆಟ್ಟುಗತ್ತಿ ಬದಿಗೆ ಸರಿಸಿದಳು. "ಮೊದ್ಲು ನಾ ಕೊಡ್ತಿದ್ದ ಕರುಳು ಮಾರ್ದೇ ಉಳ್ದ ಮೀನಿಂದು ಮಗಾ. ಎರಡು ದಿನದ್ದು, ನಾರ್ತಿತ್ತು. ಬಹುಮಾನ ಬಂದ್ಮೇಲೆ ದೊಡ್ಡ ಮನ್ಷಿಗೆ ಅಂಥದ್ದು ಕೊಡೂದು ಹ್ಯಾಂಗೆ ಅಂತ, ದೋಣಿಂದ ಆಗಷ್ಟೇ ಇಳ್ದದ್ದೇ ಕೊಟ್ಟೆ."

"ಒಂದು ಮಾತು ಹೇಳೂಕೆ ಏನಾಗಿತ್ತೆ?"

"ಹೊನ್ನು ಹತ್ರ ಕೊಳ್ತ ಮೀನು ಇತ್ತು ಅಂತ ನನ್ನ ಬಾಯಿಂದ್ಲೇ ಹೇಳೂದ?"

ನೀಲಾಳಿಗೆ ಆಗ ಹೊಳೆಯಿತು. ಕಿಣ್ವ ಇದ್ದದ್ದು ನಿಜ, ಆದರೆ ಅದು ಬಂಗಡೆಯದಲ್ಲ. ಕೊಳೆತ ಕರುಳಲ್ಲಿ ಬೆಳೆದ ಸೂಕ್ಷ್ಮಜೀವಿಯದು. ಬಹುಮಾನ ಬಂದದ್ದೋ ಮೀನಿನ ಕಿಣ್ವಕ್ಕೆ. ಆರು ವರ್ಷ ಬರೆದದ್ದೆಲ್ಲ ತಪ್ಪು! ನಿಜ ಬರೆದರೆ ಬಹುಮಾನ ಹೋಗುತ್ತದೆ, ಪೇಟೆಯಲ್ಲಿ ಆಯಿಯ ಮಾನವೂ ಹೋಗುತ್ತದೆ. ಬರೆಯದಿದ್ದರೆ ಜನ್ಮವಿಡೀ ಕಳ್ಳಿ.

ಹೊನ್ನು ಸೆರಗಿನಿಂದ ಮುಖ ಒರೆಸಿಕೊಂಡಳು. "ಬರಿ. ಹೊನ್ನು ಮೀನು ನಾರ್ತಿತ್ತು ಅಂತ್ಲೇ ಬರಿ. ನಾಳೆಯಿಂದ ಯಾರೂ ತಕ್ಕೊಳ್ದಿದ್ರೆ ಬೇಡ."

ನೀಲಾ ಕಾಗದ ತೆಗೆದು ಅಳುತ್ತಲೇ ಎಲ್ಲ ಬರೆದು, ಕೊನೆಗೆ ಸೇರಿಸಿದಳು: "ಆ ನಾತ ದಿನಾ ನನಗೂ ಬರುತ್ತಿತ್ತು. ತಾಯಿಯ ಮೀನಲ್ಲವೇ ಎಂದುಕೊಂಡು, ತಾಜಾ ಹೌದೋ ಅಲ್ಲವೋ ಎಂದು ಒಂದು ಸಲವೂ ಕೇಳಲಿಲ್ಲ."